ಪುಕ್ಕ ಕೆದರಿದವರು

ಹಂಗಳದ ರಾಚಮ್ಮನ ಹೊಟ್ಟೆಗೆ ಬೆಂಕಿ ಇಟ್ಟಿದ್ದು ಪಕ್ಕದ ಮನೆ ಭಾಗ್ಯಳ ಕರಿಕೋಳಿ. ಮರಿಗಳಿಗೆ ಬಾಯಿ ಹಾಕಲು ಬಂದ ಬೀದಿನಾಯಿಯ ಎದುರು ಅದು ಪುಕ್ಕ ಕೆದರಿ, ರೆಕ್ಕೆ ಹರಡಿ, ಗುಡಾಣದಷ್ಟು ಊದಿಕೊಂಡು ನಿಂತಿತ್ತು. ನಾಯಿ ಬಾಲ ಮುದುರಿ ಓಡಿತ್ತು. ಭಾಗ್ಯಳ ಮಗಳು ಕಾವ್ಯಶ್ರೀ ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಬಿಟ್ಟಿದ್ದೇ ತಡ, ಬಂಡೀಪುರಕ್ಕೆ ಹುಲಿ ನೋಡಲು ಹೊರಟ ಕೇರಳದ ಕಾರುಗಳೆಲ್ಲ ಭಾಗ್ಯಳ ಅಂಗಳದಲ್ಲಿ ಕೋಳಿ ನೋಡಲು ನಿಲ್ಲತೊಡಗಿದವು.

ಅದೇ ನಾಯಿ ರಾಚಮ್ಮನ ತಾಯಿಕೋಳಿಯನ್ನು ಮಾತ್ರ ಹೊತ್ತೊಯ್ದಿತ್ತು. ಆರು ತಬ್ಬಲಿ ಮರಿಗಳು ಬೋರಲು ಹಾಕಿದ ಮಂಕರಿ ಬುಟ್ಟಿಯಡಿ ಚಿಂವ್‌ಗುಟ್ಟುತ್ತಿದ್ದವು.

"ಹುಲಿ ನೋಡಕ್ಕ ಬಂದೋರ್ಗ ಕೋಳಿ ತೋರುಸ್ತಾಳಂತ, ಒಯ್ಯಾರಿ!" ರಾಚಮ್ಮ ಒಲೆಗೆ ಸೌದೆ ಕುಕ್ಕಿದಳು. "ಆ ಕೋಳಿನೇ ನಾನು ತತ್ತೀನಿ. ನಮ್ಮ ಮರಿನೂ ಉಳ್ಕತವ, ಅವ್ಳ ಮೆರೆದಾಟನೂ ನಿಂತದ."

ಗಂಡ ಹುಚ್ಚಯ್ಯ ಮುದ್ದೆ ಮುರಿಯುತ್ತ ಅಂದ: "ಅದ್ರಲ್ಲಿ ಪಾವು ಧೈರ್ಯ, ಪಲ್ಲ ಪುಕ್ಕ ಕಣಮ್ಮಿ. ಹಿಂದ್ಗಡೆ ತನ್ ಮರಿ ಅವ ಅಂತ ಹಂಗ್ ಹೆದುರ್ಸ್ತದ."

"ಸುಮ್ಗಿರಿ, ನಿಮ್ಗೇನ್ ಗೊತ್ತು!"

ಅರ್ಧ ಗಂಟೆಯಲ್ಲಿ ರಾಚಮ್ಮ ಭಾಗ್ಯಳ ಅಂಗಳದಲ್ಲಿದ್ದಳು. ಕಂಕುಳಲ್ಲಿ ಕೆಂಪಿ, ದಿನ ತಪ್ಪದೆ ಮೊಟ್ಟೆ ಇಡುವ ಕೋಳಿ.

"ಇದ್ನ ಮಡಿಕೊ, ಕರಿಕೋಳಿ ಕೊಡು."

"ಆಮೇಲೆ ವಾಪಸ್ ಕೇಳ್ಬಾರ್ದು ಕಣಕ್ಕ. ಅದ್ರ ಮರಿ ಬಲ್ತವ, ಅವುನ್ನ ಕೊಡಕಿಲ್ಲ."

"ನಿನ್ ಮರಿ ಯಾರ್ಗ್ ಬೇಕು ಬುಡು, ನಮ್ಮನೇಲೇ ಆರವ!"

ಮಧ್ಯಾಹ್ನ ರಾಚಮ್ಮ ಮಂಕರಿ ಎತ್ತಿ ಮರಿಗಳ ನಡುವೆ ಕರಿಕೋಳಿಯನ್ನು ಬಿಟ್ಟಳು. ಅದು ಒಂದು ಮರಿಯ ನೆತ್ತಿಗೆ ಕುಕ್ಕಿ, ನೀವ್ಯಾರೆಂಬಂತೆ ಮುಖ ತಿರುಗಿಸಿತು. ಅಷ್ಟರಲ್ಲಿ ನಾಯಿ ಬಂತು. ರಾಚಮ್ಮನಿಗೆ ಹಬ್ಬವಾಯಿತು.

"ಕಾವ್ಯಾ, ಮೊಬೈಲ್ ತಕ್ಕೊಂಡ್ ಬಾಮ್ಮಿ! ನಮ್ ಕೋಳಿ ನೋಡೀವಂತೆ!"

ಗೋಡೆಯ ಮೇಲೆ ಕಾವ್ಯಶ್ರೀಯ ತಲೆ, ಮೊಬೈಲು ಎರಡೂ ಮೂಡಿದವು. ನಾಯಿ ಗುರ್ ಎಂದಿತು. ಕರಿಕೋಳಿ ಕತ್ತು ನೀಡಿ ಒಮ್ಮೆ ನೋಡಿತು; ಕಣ್ಣು ಮಿಟುಕಿಸುವುದರೊಳಗೆ ಹುಲ್ಲುಮೆದೆಯ ತುದಿಯಲ್ಲಿತ್ತು.

ಆರು ಮರಿಗಳು ರಾಚಮ್ಮನ ಸೀರೆಯ ನಿರಿಗೆಯೊಳಗೆ ನುಗ್ಗಿದವು. ಕೈಗೆ ಒಂದು ಕಡ್ಡಿಯೂ ಸಿಗಲಿಲ್ಲ. ನಾಯಿ ಇನ್ನೊಂದು ಹೆಜ್ಜೆ ಇಟ್ಟಿತು. ಆಗ ಏನಾಯಿತೆಂದು ಅವಳಿಗೇ ತಿಳಿಯದು. ಸೆರಗನ್ನು ಎರಡೂ ಕೈಯಲ್ಲಿ ಹರಡಿ, ಕೆನ್ನೆ ಉಬ್ಬಿಸಿ, ಕಣ್ಣು ಕೆಕ್ಕರಿಸಿ, ಬಿಚ್ಚಿದ ತುರುಬು ಕೊಡವುತ್ತ, "ಕ್ಕೊಕ್ಕೊಕ್ಕೊಕ್ಕೋ!" ಎಂದು ಕುಪ್ಪಳಿಸಿದಳು. ಅಷ್ಟು ದೊಡ್ಡ ಕೋಳಿಯನ್ನು ಜನ್ಮದಲ್ಲಿ ಕಾಣದ ನಾಯಿ, ಬೇಲಿ ಹಾರಿ ಗುಂಡ್ಲುಪೇಟೆ ದಿಕ್ಕು ಹಿಡಿಯಿತು.

"ದೊಡ್ಡವ್ವಾ, ಮೊಬೈಲಲ್ಲಿ ಪೂರ್ತಿ ಬಂತು!" ಕಾವ್ಯಶ್ರೀ ಕಿರುಚಿದಳು.

ಸಂಜೆಯೊಳಗೆ ಮೂರು ಕಾರು ಬಂದು ನಿಂತದ್ದು ಭಾಗ್ಯಳ ಅಂಗಳದಲ್ಲಲ್ಲ, ರಾಚಮ್ಮನ ಬಾಗಿಲಲ್ಲೇ! ಅವಳು ಉಬ್ಬಿಹೋಗಿ ಮೆದೆಯ ಮೇಲಿಂದ ಕರಿಕೋಳಿಯನ್ನು ಇಳಿಸಿ ತಂದಳು.

ಕೇರಳದ ಕಾರಿನವನು ಕೈಯಲ್ಲಾಡಿಸಿದ. "ಕೋಳಿ ಬೇಡ ಚೇಚಿ. ನೀವು ಒಂದ್ಸಲ ಮಾಡಿ!"

ಗೋಡೆಯಾಚೆ ಭಾಗ್ಯ, ಕೆಂಪಿಯ ಅಂದಿನ ಮೊಟ್ಟೆಯನ್ನು ಸೆರಗಿನಲ್ಲಿ ಒರೆಸುತ್ತ ನಿಂತಿದ್ದಳು.

"ಮಾಡಕ್ಕ," ಅಂದಳು, "ಪಾಪ, ದೂರ್ದಿಂದ ಬಂದವ್ರ."