ಮಧ್ಯಾಹ್ನದ ಮಹಾರಾಣಿಯ ಗಂಡ

ನನ್ನ ಮುಖ ಒಮ್ಮೆ ಟೀವಿಯಲ್ಲಿ ಬಂದಿತ್ತು. ಅದನ್ನು ನಮ್ಮ ಬೀದಿ ನೋಡಿದೆ, ನಮ್ಮ ಆಫೀಸು ನೋಡಿದೆ, ನನ್ನ ಜೊತೆ ಮಾತು ಬಿಟ್ಟಿದ್ದ ಭಾವಮೈದುನ ಕೂಡ ನೋಡಿದ್ದಾನೆ. ನೋಡದೆ ಉಳಿದವನು ನಾನೊಬ್ಬನೇ. ಮೂವತ್ತು ವರ್ಷ ಈ ಅನ್ಯಾಯವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಬದುಕಿದ್ದೇನೆ. (ಹೊಟ್ಟೆ ಬೆಳೆದದ್ದಕ್ಕೂ ಅದೇ ಕಾರಣ ಎಂದರೆ ಹೆಂಡತಿ ಒಪ್ಪುವುದಿಲ್ಲ.)

ಆಗೆಲ್ಲ ಊಟದ ಹೊತ್ತು ಮುಗಿದ ಮೇಲೆ ಟೀವಿಯಲ್ಲಿ ‘ಮಧ್ಯಾಹ್ನದ ಮಹಾರಾಣಿ’ ಎಂಬ ಕಾರ್ಯಕ್ರಮ ಬರುತ್ತಿತ್ತು. ಸಾಮಾನ್ಯ ಗೃಹಿಣಿಯರನ್ನು ಗೌರವಿಸುವುದು ಅದರ ಘನ ಉದ್ದೇಶ. ಗೌರವಿಸುವ ವಿಧಾನ ಹೀಗೆ: ನಾಲ್ವರು ಹೆಂಗಸರನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರ ಬಾಯಿಂದಲೂ ಅವರವರ ಕಷ್ಟ ಹೇಳಿಸುವುದು. ಯಾರ ಕಷ್ಟಕ್ಕೆ ಚಪ್ಪಾಳೆ ಜೋರೋ ಅವರೇ ಅಂದಿನ ಮಹಾರಾಣಿ. ಚಪ್ಪಾಳೆ ಅಳೆಯುವುದಕ್ಕೆ ತೂಕದ ಯಂತ್ರದ ಹಾಗೆ ಮುಳ್ಳಿದ್ದ ದೊಡ್ಡದೊಂದು ಯಂತ್ರ. ಕಾಲು ಮುರಿದ ಅತ್ತೆ ಇದ್ದರೆ ಮುಳ್ಳು ಅರ್ಧಕ್ಕೆ ಏರುತ್ತಿತ್ತು, ಅತ್ತೆಯ ಜೊತೆ ಕುಡುಕ ಮೈದುನನೂ ಇದ್ದರೆ ಮುಕ್ಕಾಲಿಗೆ. ನಿರೂಪಕ ಮಾತ್ರ ಗಂಡಸು. ಹೆಂಗಸರ ಗೋಳು ಕೇಳುತ್ತ ಬಿಳಿ ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುವುದು ಅವನ ಉದ್ಯೋಗ.

ಪ್ರಾಯೋಜಕರು ಬಟ್ಟೆ ಸೋಪಿನ ಪುಡಿಯವರು. ಗೆದ್ದವಳಿಗೆ ವರ್ಷಕ್ಕಾಗುವಷ್ಟು ಸೋಪಿನ ಪುಡಿ. ಒಗೆದು ಒಗೆದು ಸೊಂಟ ಬಿದ್ದುಹೋದವಳಿಗೆ ಇನ್ನೊಂದು ವರ್ಷ ಒಗೆಯುವ ಭಾಗ್ಯ! ತಲೆಗೊಂದು ಕಿರೀಟವನ್ನೂ ಇಡುತ್ತಿದ್ದರು. ಕ್ಯಾಮೆರಾ ಆಫ್ ಆದ ಕೂಡಲೇ ಅದನ್ನು ಕಿತ್ತು ಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದರು, ಮರುದಿನದ ಮಹಾರಾಣಿಗೆ ಬೇಕಲ್ಲ. ಇದೆಲ್ಲದರ ಮೇಲೆ ಇನ್ನೊಂದು ನಿಯಮವಿತ್ತು. ಕಾರ್ಯಕ್ರಮ ಪ್ರಸಾರವಾಗುವ ದಿನ ಮಹಾರಾಣಿ ಅಡುಗೆಮನೆಗೆ ಕಾಲಿಡಕೂಡದು, ಕೆಲಸವೆಲ್ಲ ಗಂಡನದು. ಹಾಗೆಂದು ನಾಲ್ವರ ಗಂಡಂದಿರೂ ಮೊದಲೇ ವೇದಿಕೆ ಹತ್ತಿ ಎಲ್ಲರೆದುರು ಮಾತು ಕೊಡಬೇಕು. ಒಂದು ದಿನದ ರಜೆಗೆ ಇಷ್ಟೊಂದು ಸಾಕ್ಷಿಗಳು ಬೇಕಾಗಿದ್ದದ್ದು ಆಗ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ನನ್ನವಳನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನಾನೇ. ಈರುಳ್ಳಿ ಇಲ್ಲದೆ ಅಳುವುದು ಹೇಗೆ ಎಂದು ತರಬೇತಿ ಕೊಟ್ಟದ್ದೂ ನಾನೇ. ಮೊದಲು ಕೂತಿದ್ದ ನರ್ಸಮ್ಮ, ರಾತ್ರಿ ಆಸ್ಪತ್ರೆ ಹಗಲು ಮನೆ ಎಂದು ಹೇಳುತ್ತ ಹೇಳುತ್ತಲೇ ಕುರ್ಚಿಯಲ್ಲಿ ನಿದ್ದೆಹೋಗಿ ಮುಳ್ಳನ್ನು ಮುಕ್ಕಾಲಿಗೆ ಏರಿಸಿಬಿಟ್ಟಳು. ಕೊನೆಗೆ ನನ್ನವಳ ಸರದಿ.

“ಹೇಳಿ ಅಕ್ಕಾ, ನಿಮ್ಮ ಕಷ್ಟ ಏನು?” ನಿರೂಪಕ ಕರ್ಚೀಫು ಸಿದ್ಧ ಮಾಡಿಕೊಂಡ.

“ಕಷ್ಟ ಏನಿಲ್ಲ. ಕೆಲಸ ಇದೆ, ಅಷ್ಟೆ” ಎಂದಳು ನನ್ನವಳು. “ಎದ್ದಾಗಿಂದ ಮಲಗೋವರೆಗೂ ಇದೆ. ಇವರು ಸ್ನಾನಕ್ಕೆ ಹೋದ್ಮೇಲೆ ಟವೆಲ್ ಕೇಳ್ತಾರೆ. ಟವೆಲ್ ಕೊಟ್ಟು ಬಂದ್ಮೇಲೆ ಸೋಪು ಕೇಳ್ತಾರೆ.”

ಇಬ್ಬರು ಚಪ್ಪಾಳೆ ತಟ್ಟಿದರು, ಅದರಲ್ಲಿ ಒಬ್ಬ ನಾನು. ಮುಳ್ಳು ಕದಲಲಿಲ್ಲ. ಕರ್ಚೀಫು ಒಣಗಿದ್ದ ಹಾಗೇ ಜೇಬು ಸೇರಿತು. ನನ್ನ ಮಾನ ಮೂರುಕಾಸಿಗೆ ಹರಾಜಾಗುತ್ತಿತ್ತು. ಅಷ್ಟರಲ್ಲಿ ಮಾತು ಕೊಡಲು ನನ್ನನ್ನು ಕರೆದರು. ಮೈಕು ಹಿಡಿದು ಏನೋ ಒಂದು ಮಾತು ಹೇಳಿದೆ. ಏನೆಂದು ದೇವರಾಣೆಗೂ ನೆನಪಿರಲಿಲ್ಲ. ಆ ದೀಪಗಳ ಸೆಕೆ, ಮೈಕಿನ ಅಮಲು. ಸಭೆಗೆ ಸಭೆಯೇ ಎದ್ದು ನಿಂತಿತು, ಮುಳ್ಳು ಆ ತುದಿಗೆ ಹೋಗಿ ಅಂಟಿಕೊಂಡಿತು, ಕಿರೀಟ ನನ್ನವಳ ತಲೆಗೆ ಬಂತು.

ಪ್ರಸಾರದ ದಿನ ನಾನು ಕೊಟ್ಟ ಮಾತಿನಂತೆ ಅಡುಗೆಮನೆಯಲ್ಲಿದ್ದೆ. ತಳಹಿಡಿದ ಪಾತ್ರೆಯನ್ನು ಉಜ್ಜುತ್ತಿದ್ದಾಗ ಹಾಲ್‌ನಿಂದ “ಬಂದ್ರು, ಬಂದ್ರು!” ಎಂಬ ಕೂಗು ಕೇಳಿತು. ಸೋಪಿನ ಕೈಯಲ್ಲೇ ಓಡಿದೆ. ಪರದೆಯ ಮೇಲೆ ನಾನಿರಲಿಲ್ಲ, ಸೋಪಿನ ಪುಡಿಯ ಪ್ಯಾಕೆಟ್ ಇತ್ತು.

ಅಂದಿನಿಂದ ಮನೆಯಲ್ಲಿ ಯಾವ ಜಗಳ ಶುರುವಾದರೂ ಕಿರೀಟಕ್ಕೆ ಬಂದು ನಿಲ್ಲುತ್ತಿತ್ತು.

“ನನ್ನ ಹತ್ರ ದನಿ ಏರಿಸ್ಬೇಡಿ. ನಾನು ಕಿರೀಟ ಗೆದ್ದವಳು.”

“ಗೆದ್ದವಳು ನೀನಿರಬಹುದು ಕಣೇ, ಗೆಲ್ಲಿಸಿದ್ದು ನನ್ನ ಮಾತು!”

“ಯಾವ ಮಾತು? ಹೇಳಿ ನೋಡೋಣ.”

ನೋಡಿದವರನ್ನೆಲ್ಲ ಕೇಳಿಯಾಗಿತ್ತು, ಅವರಿಗೆ ನನ್ನ ಮೀಸೆ ನೆನಪಿತ್ತು, ಮಾತು ನೆನಪಿರಲಿಲ್ಲ. “ನಿಂಗೆ ನೆನಪಿದೆಯಾ?” ಎಂದು ಕೇಳಿದರೆ, “ನಂಗ್ಯಾಕೆ ಇರಲ್ಲ?” ಎಂದು ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು. ಮೂವತ್ತು ವರ್ಷ ಸಂಸಾರದ ಸಿಂಹಾಸನದಲ್ಲಿ ಅವಳು, ಪಾದಪೀಠದಲ್ಲಿ ನಾನು. ಆ ಒಂದು ಮಾತು ಸಿಕ್ಕಿದ್ದರೆ ಸಮಸಮ ಕೂರಬಹುದಿತ್ತು.

ಹೋದ ತಿಂಗಳು ಟೀವಿಯವರು ಒಂದು ಪ್ರಕಟಣೆ ಹೊರಡಿಸಿದರು. ಹಳೆಯ ಕಾರ್ಯಕ್ರಮಗಳಲ್ಲಿ ವೀಕ್ಷಕರು ಫೋನ್ ಮಾಡಿ ಕೇಳಿದ್ದನ್ನು ಮತ್ತೆ ತೋರಿಸುತ್ತಾರಂತೆ. ನನ್ನ ನರನಾಡಿಗಳಲ್ಲಿ ಕರೆಂಟು ಹರಿಯಿತು.

“ಬೇಡ ಕಣ್ರೀ. ಹಳೇದನ್ನೆಲ್ಲ ಯಾಕೆ ಕೆದಕ್ತೀರಿ? ಆಮೇಲೆ ನಿಮಗೇ ಕಷ್ಟ” ಎಂದಳು ಹೆಂಡತಿ.

ಹೆದರಿದ್ದಾಳೆ ಎಂದುಕೊಂಡೆ. ಉತ್ಸಾಹ ಇಮ್ಮಡಿಯಾಯಿತು. ಚುನಾವಣೆಗೆ ನಿಂತವನ ಹಾಗೆ ಬೀದಿ ಬೀದಿ ಸುತ್ತಿದೆ. ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವರ ಕೈಗೆ ಫೋನ್ ಕೊಟ್ಟೆ. (ಕತ್ತಿನ ಮೇಲೆ ಕತ್ತಿ ಇರುವಾಗ ಯಾರೂ ಇಲ್ಲವೆನ್ನುವುದಿಲ್ಲ.) ಪಕ್ಕದ ಮನೆ ಟೈಲರ್ ತನ್ನ ಗಿರಾಕಿಗಳಿಂದ ಫೋನ್ ಮಾಡಿಸಿದ. ಭಾವಮೈದುನನ ಜೊತೆ ಮಾತು ಶುರು ಮಾಡಿದೆ. ಕೊನೆಗೂ ನಮ್ಮ ಸಂಚಿಕೆಯೇ ಆಯ್ಕೆಯಾಯಿತು.

ಆ ದಿನ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಸೋಫಾದ ನಡುಮಧ್ಯೆ ಕೂತೆ. ಮಗಳು, ಅಳಿಯ, ಟೈಲರ್ ಎಲ್ಲ ಸುತ್ತ ನೆರೆದರು. ಹೆಂಡತಿ ಬೆಳಿಗ್ಗೆಯೇ ಅಡುಗೆ ಮುಗಿಸಿ, ಹಾಲನ್ನು ಸಣ್ಣ ಉರಿಯಲ್ಲಿಟ್ಟು ಬಂದು ಕೂತಳು. ನರ್ಸಮ್ಮ ನಿದ್ದೆಹೋದಳು. ನನ್ನವಳು ಟವೆಲ್ ಪುರಾಣ ಹೇಳಿದಳು. ಆಮೇಲೆ ನಾನು ಬಂದೆ! ಏನು ಕೂದಲು, ಏನು ಮೀಸೆ! ನನ್ನ ಕಣ್ಣು ತುಂಬಿ ಬಂತು. ಪರದೆಯ ಮೇಲಿನ ನಾನು ಮೈಕು ಕಸಿದುಕೊಂಡು ಎದೆ ಉಬ್ಬಿಸಿದೆ.

“ಒಂದು ದಿನ ಯಾಕೆ ಸ್ವಾಮಿ? ಇದನ್ನ ನೀವು ಯಾವಾಗ ತೋರಿಸಿದ್ರೂ, ಎಷ್ಟು ಸಲ ತೋರಿಸಿದ್ರೂ, ಆ ದಿನ ಇವಳು ಅಡುಗೆಮನೆಗೆ ಕಾಲಿಡಲ್ಲ! ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು!”

ಚಪ್ಪಾಳೆಯೋ ಚಪ್ಪಾಳೆ. ಮುಳ್ಳು ಹಾರಿತು. ಅದರ ಜೊತೆ ಸೋಫಾದಿಂದ ನಾನೂ ಹಾರಿದೆ.

“ನೋಡಿದ್ರಾ! ಈಗ ಹೇಳೇ, ಗೆಲ್ಲಿಸಿದ್ದು ಯಾರು?”

“ನೀವೇ ರೀ. ಒಪ್ಕೊಂಡೆ” ಎಂದಳು ಹೆಂಡತಿ.

ಮದುವೆಯಾದ ಮೇಲೆ ಅವಳು ಜಗಳವಾಡದೆ ಒಪ್ಪಿದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಟೀವಿಯಲ್ಲಿ ಪ್ರಕಟಣೆ ಬಂತು: “ವೀಕ್ಷಕರ ಅಪಾರ ಬೇಡಿಕೆಯ ಮೇರೆಗೆ ಇದೇ ಸಂಚಿಕೆ ನಾಳೆಯಿಂದ ಪ್ರತಿದಿನ ಮಧ್ಯಾಹ್ನ ಪ್ರಸಾರವಾಗಲಿದೆ. ಬೇಡಿಕೆ ಇರುವವರೆಗೂ ಮುಂದುವರಿಯಲಿದೆ.”

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಟೈಲರ್ ಚಪ್ಪಲಿ ಹುಡುಕಿದ. ಹೆಂಡತಿ ನಿಧಾನವಾಗಿ ಎದ್ದು ನನ್ನ ಸೋಫಾದ ನಡುಮಧ್ಯೆ ಕೂತು, ಸ್ಟೂಲಿನ ಮೇಲೆ ಕಾಲು ಚಾಚಿದಳು.

“ರೀ, ಹಾಲು ಉಕ್ತಿದೆ.”

ಅಂದಿನಿಂದ ಇವತ್ತಿನವರೆಗೂ ನಾನು ಟೀವಿಯಲ್ಲಿ ಬರುವ ಹೊತ್ತಿಗೆ ಸರಿಯಾಗಿ ಪಾತ್ರೆ ತೊಳೆಯುತ್ತಿರುತ್ತೇನೆ. ಹಾಲ್‌ನಿಂದ ಚಪ್ಪಾಳೆ ಕೇಳುತ್ತದೆ. ಈ ಹಾಳು ಕಾರ್ಯಕ್ರಮ ಎಷ್ಟು ದಿನ ನಡೆಯಬಹುದು, ನನ್ನ ಮುಖಕ್ಕೆ ಎಷ್ಟು ಬೇಡಿಕೆ ಇರಬಹುದು ಎಂದು ಧೈರ್ಯ ತಂದುಕೊಂಡಿದ್ದೆ. ನಿನ್ನೆ ಕೈ ಒರೆಸಿಕೊಂಡು ಹೊರಗೆ ಬಂದರೆ ಹೆಂಡತಿ ಫೋನಿನಲ್ಲಿದ್ದಳು.

“ಹೂಂ, ಅದೇ ಸಂಚಿಕೆ. ನಮ್ಮ ಬೀದಿಯ ಹೆಂಗಸರೆಲ್ಲ ದಿನಾ ನೋಡ್ತೀವಿ. ನಿಲ್ಲಿಸಬೇಡಿ.”

ನನ್ನನ್ನು ಕಂಡು ಫೋನ್ ಕೆಳಗಿಟ್ಟು, ಹೊಸದಾಗಿ ಮದುವೆಯಾದಾಗ ನಗುತ್ತಿದ್ದ ಹಾಗೆ ನಕ್ಕಳು.

“ನಿಮಗೋಸ್ಕರಾನೇ ರೀ. ಪಾಪ, ಮೂವತ್ತು ವರ್ಷ ಕಾದಿದ್ರಿ. ದಿನಾ ಬರ್ಲಿ ಬಿಡಿ ನಿಮ್ಮ ಮುಖ.”