ಕಜೆಟನ್ ಹೋಗದ ಧ್ಯಾನಕೂಟ

ಕಜೆಟನ್ ಹೇಳಿದ ಸುಳ್ಳು ಅಂಥ ದೊಡ್ಡದೇನಲ್ಲ. ಐದು ದಿನ ಮಂಗಳೂರಿನ ಆಚೆ ಧ್ಯಾನಕೂಟಕ್ಕೆ ಹೋಗುತ್ತೇನೆ ಎಂದು ಹೆಂಡತಿ ಒಲಿಂಡಾಳಿಗೆ ಹೇಳಿ, ಬ್ಯಾಗಿಗೆ ಎರಡು ಲುಂಗಿ ತುರುಕಿಕೊಂಡು ಹೊರಟವನು ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಮಲಗಿದ, ಅಷ್ಟೆ. ಬಾವು ಕಾಲಿಗೋ ಕೈಗೋ ಬಂದಿದ್ದರೆ ಕಟಪಾಡಿಯ ಪ್ರತಿಯೊಬ್ಬನಿಗೂ ತಾನೇ ತೋರಿಸಿ ಬರುತ್ತಿದ್ದ. ಬಂದದ್ದು ವೃಷಣಕ್ಕೆ. ನಲವತ್ತೊಂಬತ್ತು ವರ್ಷದ ಗೃಹಸ್ಥ, ಊರಿನ ಅರ್ಧ ಬಾವಿಗಳ ಪಂಪು ರಿಪೇರಿ ಮಾಡುವವನು, ಅದನ್ನು ಯಾರಿಗೆಂದು ಹೇಳಿಯಾನು?

ಒಲಿಂಡಾಳಿಗಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಲಿಂಡಾ ಒಳ್ಳೆಯವಳೇ. ಆದರೆ ಅವಳಿಗೆ ಗೊತ್ತಾದದ್ದು ಗೋಡೆಯಾಚೆಯ ಆಂಜೆಲಾಬಾಯಿಗೆ ಗೊತ್ತಾಗಲು ಗಂಜಿ ಒಂದು ಕುದಿ ಬರುವಷ್ಟು ಹೊತ್ತು ಸಾಕು. ಆಂಜೆಲಾಬಾಯಿ ಇಗರ್ಜಿಯ ಆ ಭಾಗದ ನಲವತ್ತು ಮನೆಗಳಿಗೆ ಗುರಿಕಾರ್ತಿ, ಎಂದರೆ ಮುಂದಾಳು. ಸಂಜೆಯ ಜಪಸರ ಪ್ರಾರ್ಥನೆಯಲ್ಲಿ ರೋಗಿಯ ಹೆಸರು, ಮನೆ, ಕೆಟ್ಟ ಅಂಗ ಎಲ್ಲವನ್ನೂ ದೇವರಿಗೆ ಗೊಂದಲವಾಗದ ಹಾಗೆ ಗಟ್ಟಿಯಾಗಿ ಹೇಳಿ ಗುಣ ಬೇಡುವುದು ಅವರ ಕ್ರಮ. ಕಳೆದ ವರ್ಷ ಹೆರಾಲ್ಡ್ ಮಾಸ್ತರರ ಮೂಲವ್ಯಾಧಿಗೆ ನಲವತ್ತು ಮನೆಯವರು ಒಂದೇ ಸ್ವರದಲ್ಲಿ ಆಮೆನ್ ಅಂದಿದ್ದರು. ಕಜೆಟನ್ನೂ ಅಂದಿದ್ದ. ಆಮೇಲೆ ಮಾಸ್ತರರು ಎರಡು ತಿಂಗಳು ಇಗರ್ಜಿಯಲ್ಲಿ ಕಂಬದ ಮರೆಯಲ್ಲೇ ಕೂತರು.

ಧ್ಯಾನಕೂಟವೆಂದರೆ ಭದ್ರವಾದ ನೆಪ. ಅಲ್ಲಿ ಮೊಬೈಲು ತೆಗೆದಿಡುತ್ತಾರೆ, ಮಾತಾಡಲಿಕ್ಕಿಲ್ಲ, ಯಾರೂ ನೋಡಲು ಬರುವಂತಿಲ್ಲ. ಗಂಡ ಕುಡಿತ ಬಿಡಲೆಂದು ಹತ್ತೊಂಬತ್ತು ವರ್ಷಗಳಿಂದ ಮೊಣಕಾಲೂರುತ್ತಿದ್ದ ಒಲಿಂಡಾ, ಸುದ್ದಿ ಕೇಳಿ ಅಡುಗೆಮನೆಯಲ್ಲೇ ನಿಂತು ಅತ್ತುಬಿಟ್ಟಿದ್ದಳು. ಅದು ಮಾತ್ರ ಕಜೆಟನ್‌ನ ಲೆಕ್ಕದಲ್ಲಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವನು ಕಂಡದ್ದು ಬೇರೆಯೇ ಒಂದು ಲೋಕ. ಸ್ಕ್ಯಾನಿನ ಪರದೆಯಲ್ಲಿ ಕೆಂಪು, ನೀಲಿ ಗೆರೆಗಳು ಮಿಣಮಿಣ ಓಡುತ್ತಿದ್ದವು. ಡಾಕ್ಟರ್ ಯಶ್ವಂತ್ ಬೆರಳಿಟ್ಟು ತೋರಿಸಿದರು. “ನೋಡಿ, ರಕ್ತ ಸರಿಯಾಗಿ ಹರೀತಾ ಉಂಟು. ತಿರುಚಿಕೊಂಡದ್ದಲ್ಲ. ಮೂತ್ರದ ದಾರಿಯಿಂದ ಸೋಂಕು ಹೋದದ್ದು.”

ಮೂವತ್ತು ವರ್ಷ ಪೈಪಿನೊಂದಿಗೆ ಬದುಕಿದ ಕಜೆಟನ್ ನೋವು ಮರೆತು ನೋಡಿದ. “ಡಾಕ್ಟ್ರೇ, ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಲೈನ್ ಎಳೆದವರು ಯಾರು? ನಲವತ್ತೊಂಬತ್ತು ವರ್ಷ ಒಂದು ಸರ್ವಿಸ್ ಇಲ್ಲ, ಒಂದು ಲೀಕೇಜ್ ಇಲ್ಲ!” ಅವನಿಗೆ ನಿಜಕ್ಕೂ ಕೈಮುಗಿಯಬೇಕು ಅನಿಸಿತ್ತು. ಇಗರ್ಜಿಯಲ್ಲಿ ಯಾವತ್ತೂ ಹಾಗೆ ಅನಿಸಿರಲಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.

ರಕ್ತನಾಳಕ್ಕೆ ಆಂಟಿಬಯೋಟಿಕ್, ಬಟ್ಟೆಯಲ್ಲಿ ಸುತ್ತಿದ ಐಸು, ಕೆಳಗೆ ಆಧಾರಕ್ಕೆ ಸುರುಳಿ ಸುತ್ತಿದ ಟವೆಲು. ಬುಧವಾರ ಸಂಜೆ ಜ್ವರ ಬಿಟ್ಟಿತು. ಶುಕ್ರವಾರ ಬೆಳಿಗ್ಗೆ ಡಾಕ್ಟರು ಡಿಸ್ಚಾರ್ಜ್ ಚೀಟಿ ಕೊಟ್ಟು ಮನೆಗೆ ಕಳಿಸಿದರು. “ಗುಣ ಆಗ್ತಾ ಉಂಟು, ಆದರೆ ಆಗಿ ಮುಗಿಯಲಿಲ್ಲ. ಮಾತ್ರೆ ಮಧ್ಯದಲ್ಲಿ ನಿಲ್ಲಿಸಬಾರದು. ಎರಡು ವಾರ ಭಾರ ಎತ್ತಬಾರದು, ಬೈಕು ಬೇಡ, ಕುಡಿಯುವುದು ಬೇಡ, ಹೆಚ್ಚು ನಡೆಯುವುದೂ ಬೇಡ. ಬಿಗಿ ಚಡ್ಡಿ ಹಾಕಿ, ನೀರು ಚೆನ್ನಾಗಿ ಕುಡಿಯಿರಿ. ಮತ್ತೆ ರಾತ್ರಿ ಬೇರೆ ಮಲಗಿ.”

ಇಷ್ಟು ಎರಡು ವಾರ ನಡೆಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂದುಕೊಂಡು ಕಜೆಟನ್ ಬಸ್ಸಿಳಿದು ಧರ್ಮಪಾಲನ ರಿಕ್ಷಾ ಹತ್ತಿದ.

“ಎಂತ ಕಜೆಟನ್ ಪರ್ಬುಗಳೇ, ನಾಲ್ಕೈದು ದಿನ ಕಾಣಲೇ ಇಲ್ಲ?”

“ಧ್ಯಾನಕ್ಕೆ ಹೋಗಿದ್ದೆ. ಹೊಂಡ ನೋಡಿ ಬಿಡು ಮಾರಾಯ.”

ಕಟಪಾಡಿಯ ಒಳರಸ್ತೆಯಲ್ಲಿ ಹೊಂಡ ನೋಡಿ ಬಿಡುವುದೆಂದರೆ ರಿಕ್ಷಾ ಬಿಡದಿರುವುದು. ಮೊದಲ ಹೊಂಡಕ್ಕೆ ಕಜೆಟನ್ “ಜೆಜೂ!” ಅಂದ. ಎರಡನೆಯದಕ್ಕೆ “ಮರಿಯಮ್ಮಾ!” ಅಂದ. ಮನೆ ಮುಟ್ಟುವಷ್ಟರಲ್ಲಿ ಅವನಿಗೆ ಗೊತ್ತಿದ್ದ ಸಂತರೆಲ್ಲ ಮುಗಿದು, ಎರಡನೇ ಸುತ್ತು ನಡೆಯುತ್ತಿತ್ತು.

ಗೇಟಿನ ಬಳಿ ಕಾದಿದ್ದ ಒಲಿಂಡಾಳಿಗೆ ಧರ್ಮಪಾಲ ಬೆರಗಾಗಿ ಹೇಳಿದ, “ಅಕ್ಕ, ನಿಮ್ಮವರು ದಾರಿಯುದ್ದಕ್ಕೂ ದೇವರ ಹೆಸರು ಹೇಳಿಕೊಂಡೇ ಬಂದದ್ದು. ಅದೂ ಬಾಯಿಮಾತಿಗಲ್ಲ, ಹೊಟ್ಟೆಯ ಒಳಗಿಂದ. ನನಗೆ ರೋಮ ಎದ್ದು ನಿಂತಿತು.”

ಒಲಿಂಡಾ ಎರಡೂ ಕೈ ಎದೆಗೊತ್ತಿಕೊಂಡಳು. ಕಜೆಟನ್ ಕಾಲು ಸ್ವಲ್ಪ ಅಗಲಿಸಿ ಒಂದೊಂದೇ ಹೆಜ್ಜೆಯಿಡುತ್ತ ಅಂಗಳ ದಾಟಿದ. ಯಾವಾಗಲೂ ಬೈಕು ಗೇಟಿಗೆ ಗುದ್ದಿಯೇ ಒಳಬರುವ ಮನುಷ್ಯ ಅವನು. ಗೋಡೆಯ ಮೇಲಿಂದ ಇಣುಕಿದ ಆಂಜೆಲಾಬಾಯಿ ಶಿಲುಬೆಯ ಗುರುತು ಮಾಡಿಕೊಂಡರು.

“ಒಲಿಂಡಾ, ಆ ನಡಿಗೆ ನೋಡು. ಬಿಷಪರು ಪೀಠಕ್ಕೆ ಹತ್ತುವಾಗ ಹೀಗೆಯೇ ಅಲ್ವಾ?”

ಹನ್ನೊಂದು ಗಂಟೆಗೆ ಎದುರುಮನೆಯ ಜೋಯಲ್ ಬಂದ. ದೋಹಾದಿಂದ ರಜೆಯಲ್ಲಿ ಬಂದವನು, ಪ್ರತಿ ರಜೆಯ ಮೊದಲ ಬಾಟಲಿ ಕಜೆಟನ್ ಜೊತೆಗೇ. ಲುಂಗಿಯ ಮಡಿಕೆಯಿಂದ ಅದರ ಕುತ್ತಿಗೆ ತೋರಿಸಿ ಕಣ್ಣು ಹೊಡೆದ.

“ಬೇಡ,” ಎಂದ ಕಜೆಟನ್. ಆ ಎರಡಕ್ಷರ ಹೇಳಲು ಅವನು ಪಟ್ಟ ಕಷ್ಟ ಆಸ್ಪತ್ರೆಯ ಸೂಜಿಗೂ ಪಟ್ಟಿರಲಿಲ್ಲ. “ನನಗೆ ನೀರು ಸಾಕು.”

“ಒಂದೇ ಒಂದು, ಅಂಕಲ್.”

“ಒಂದೂ ಬೇಡ ಮಾರಾಯ.”

ಜೋಯಲ್ ಬಾಟಲಿಯನ್ನು ಮತ್ತೆ ಲುಂಗಿಗೆ ಸಿಕ್ಕಿಸಿಕೊಂಡ. ಹಾಗಾದರೆ ತನ್ನ ಬಾವಿಯ ಪಂಪನ್ನಾದರೂ ಮೇಲೆ ಎತ್ತಿಕೊಡಿ ಎಂದ. ತಾನಿನ್ನು ಭಾರ ಎತ್ತುವುದಿಲ್ಲ ಎಂದ ಕಜೆಟನ್. ಬಾಗಿಲ ಹಿಂದೆ ನಿಂತಿದ್ದ ಒಲಿಂಡಾ ಎಲ್ಲ ಕೇಳಿಸಿಕೊಂಡಳು. ಹೊರಬಂದು ಗಂಡನ ನೀರಿನ ಬಾಟಲಿ ತುಂಬಿಸಿ, ಪೂಜೆಗೆ ಇಡುವಂತೆ ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟಳು.

ಊಟವಾದ ಮೇಲೆ ಅವನು, ಎರಡು ವಾರ ತಾನು ಹೊರಗಿನ ಕೋಣೆಯಲ್ಲಿ ಒಬ್ಬನೇ ಮಲಗುವುದಾಗಿ ಹೇಳಿ, ಫ್ರಿಜ್ಜಿನಿಂದ ಐಸು ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಆಗಾಗ ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು.

“ಐಸು ಹಿಡಿದುಕೊಂಡು ಎಂತ ಮಾಡ್ತಾ ಇದ್ದಾನೆ?” ಆಂಜೆಲಾಬಾಯಿ ಪಿಸುಗುಟ್ಟಿದರು.

“ಪ್ರಾಯಶ್ಚಿತ್ತ,” ಎಂದಳು ಒಲಿಂಡಾ. ಕಣ್ಣು ತುಂಬಿತ್ತು. “ಹಿಂದಿನ ಕಾಲದ ಸಂತರು ಹಿಮದಲ್ಲಿ ನಿಲ್ತಿದ್ದರಂತೆ. ಇಲ್ಲಿ ಹಿಮ ಎಲ್ಲಿಯದು ಪಾಪ.”

ಮೂರು ಗಂಟೆಯ ಹೊತ್ತಿಗೆ ವರಾಂಡದಲ್ಲಿ ಹದಿನೈದು ಜೊತೆ ಚಪ್ಪಲಿ ಇದ್ದವು. ಬದಲಾದ ಮನುಷ್ಯನನ್ನು ಕಣ್ಣಾರೆ ನೋಡಲು ಬಂದವರು. ಅವರು ಮೆಲ್ಲ ಮಾತಾಡುತ್ತಿದ್ದರು, ಅವನು ಏಳುವಾಗ ತಾವೂ ಏಳುತ್ತಿದ್ದರು. ಕಜೆಟನ್‌ಗೆ ನಗು ಬರಬೇಕಿತ್ತು. ಬರಲಿಲ್ಲ. ಚಹಾದ ತಟ್ಟೆ ಹಿಡಿದು ಓಡಾಡುತ್ತಿದ್ದ ಒಲಿಂಡಾಳ ಮುಖ ಮದುವೆಯ ದಿನವೂ ಹಾಗೆ ಬೆಳಗಿರಲಿಲ್ಲ. ತನ್ನ ಒಂದು ಸುಳ್ಳಿಗೆ ಒಬ್ಬ ಹೆಂಗಸಿನಲ್ಲಿ ಇಷ್ಟು ಸಂತೋಷ ಹುಟ್ಟಿಸುವ ಶಕ್ತಿ ಉಂಟೆಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಹೆದರಿಕೆಯಾಯಿತು.

ನಾಲ್ಕು ಗಂಟೆಗೆ ಅವಳು ಪಕ್ಕದಲ್ಲಿ ಕೂತು ಹೇಳಿದಳು. “ನಾನು ಒಂದು ಹರಕೆ ಹೇಳಿದ್ದೆ. ನೀವು ಬಂದ ದಿನ ಬಾಟ್ಲಿ ಮುಟ್ಟದಿದ್ದರೆ ಮರುದಿನವೇ ನಾವಿಬ್ಬರೂ ಕಾರ್ಕಳದ ಅತ್ತೂರು ಇಗರ್ಜಿಗೆ ಬರಿಗಾಲಲ್ಲಿ ನಡೆದು ಹೋಗುವುದು ಅಂತ. ನಾಳೆ ಬೆಳಿಗ್ಗೆ ಐದಕ್ಕೆ ಹೊರಡುವ. ಆಂಜೆಲಾಬಾಯಿ, ಜೋಯಲ್, ಮತ್ತೆ ಇಪ್ಪತ್ತು ಜನ ಬರ್ತಾರೆ.”

ಕಟಪಾಡಿಯಿಂದ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ. ಮೂವತ್ತು ಕಿಲೋಮೀಟರಿನ ಒಂದೊಂದು ಏರೂ ಕಜೆಟನ್‌ನ ಎರಡು ಕಾಲುಗಳ ನಡುವೆ ಹಾದುಹೋಯಿತು.

“ಬಸ್ಸಿನಲ್ಲಿ ಹೋದರೆ ಆಗುದಿಲ್ವಾ?”

“ಹರಕೆಗೆ ಬಸ್ಸುಂಟಾ?” ಎಂದು ಒಲಿಂಡಾ ನಕ್ಕಳು.

ಅವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಡಾಕ್ಟರಿಗೆ ಫೋನು ಮಾಡಿದ. “ಮೂವತ್ತು ಕಿಲೋಮೀಟರ್ ನಡೆದರೆ ಎಂತ ಆದೀತು, ಡಾಕ್ಟ್ರೇ?”

“ನಡೆಯಿರಿ. ಆದರೆ ಅಲ್ಲಿಂದ ನೇರ ಇಲ್ಲಿಗೇ ಬನ್ನಿ, ಬೆಡ್ಡು ಖಾಲಿ ಇಡಲಿಕ್ಕೆ ಹೇಳ್ತೇನೆ. ಈ ಸಲ ಕೀವಾದರೆ ಕುಯ್ಯಬೇಕಾದೀತು, ನೆನಪಿರಲಿ.”

ಕುಯ್ಯುವ ಮಾತು ಕೇಳಿದ ಮೇಲೆ ಕಜೆಟನ್‌ಗೆ ದಾರಿ ಒಂದೇ ಉಳಿಯಿತು. ಸಂಜೆ ಏಳಕ್ಕೆ ಅವನ ಮನೆಯಲ್ಲೇ ಜಪಸರ. ಮುಗಿದ ಮೇಲೆ ಧ್ಯಾನಕೂಟದ ಬಗ್ಗೆ ನಾಲ್ಕು ಮಾತು ಸಾಕ್ಷಿ ಹೇಳಬೇಕೆಂದು ಆಂಜೆಲಾಬಾಯಿ ಅವನನ್ನು ಎಬ್ಬಿಸಿದರು. ನಲವತ್ತು ಮನೆಯವರು ವರಾಂಡ, ಅಂಗಳ, ಗೇಟಿನವರೆಗೂ ಕೂತಿದ್ದರು.

“ನಾನು ಧ್ಯಾನಕೂಟಕ್ಕೆ ಹೋಗಲಿಲ್ಲ,” ಎಂದ ಕಜೆಟನ್. “ಸುಳ್ಳು ಹೇಳಿದೆ. ಮಣಿಪಾಲದಲ್ಲಿ ಅಡ್ಮಿಟ್ ಆಗಿದ್ದೆ. ನನಗೆ ಬಾವು ಬಂದದ್ದು...” ಎಲ್ಲಿಗೆಂದು ಹೇಳಿದ. “ನಡಿಗೆ, ಐಸು, ನೀರು, ಕುಡಿಯದ್ದು, ಎಲ್ಲ ಡಾಕ್ಟರು ಹೇಳಿದ್ದು. ಇಗೊಳ್ಳಿ ಚೀಟಿ.”

ಒಲಿಂಡಾ ಎದ್ದು ಬಂದು ಚೀಟಿ ಕೈಗೆ ತೆಗೆದುಕೊಂಡಳು. ಬಹಳ ಹೊತ್ತು ಓದಿದಳು.

“ತುಂಬ ನೋವಿತ್ತಾ?”

“ಇತ್ತು.”

“ಐದು ದಿನವೂ ಒಬ್ಬರೇ ಇದ್ದದ್ದಾ?”

ಕಜೆಟನ್ ತಲೆಯಾಡಿಸಿದ. ಎಲ್ಲರೆದುರಿಗೇ ಅವಳು ಅವನ ಕೈ ಹಿಡಿದುಕೊಂಡು ಅತ್ತಳು. ಇಂಥ ಹೆಂಗಸಿಗೆ ಸುಳ್ಳು ಹೇಳಿದೆನಲ್ಲ ಎಂದು ಅವನಿಗೂ ಕಣ್ಣೀರು ಬಂತು. ಮಾನ ಹೋದರೆ ಹೋಗಲಿ, ಸಂತನ ಕೆಲಸ ತಪ್ಪಿತು, ನಾಳೆಯಿಂದ ತಾನು ಹಳೆಯ ಕಜೆಟನ್ ಎಂದುಕೊಂಡಾಗ ಎದೆ ಹಗುರಾಯಿತು.

ಅಷ್ಟರಲ್ಲಿ ಆಂಜೆಲಾಬಾಯಿ ಕನ್ನಡಕ ಏರಿಸಿ ಚೀಟಿ ಹಿಡಿದಿದ್ದರು. “ಸೋಮವಾರ ಅಡ್ಮಿಟ್. ಸೋಮವಾರದಿಂದ ನಾವು ಇಲ್ಲಿ ಯಾರಿಗೋಸ್ಕರ ಪ್ರಾರ್ಥನೆ ಮಾಡಿದ್ದು?”

“ಕಜೆಟನ್‌ಗೋಸ್ಕರ,” ಎಂದಿತು ಅಂಗಳ.

“ಬುಧವಾರ ಸಂಜೆ ಜ್ವರ ಬಿಟ್ಟಿದೆ ಅಂತ ಬರೆದುಂಟು. ಬುಧವಾರ ಸಂಜೆ ನಾವು ಎಷ್ಟು ಜಪಸರ ಹೇಳಿದ್ದು?”

“ಮೂರು!”

ಆಂಜೆಲಾಬಾಯಿ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು. “ಧ್ಯಾನಕೂಟ ಅಂತ ನಾವು ತಪ್ಪು ಅಡ್ರೆಸ್ ಹೇಳಿದೆವು. ದೇವರು ಸರಿಯಾದ ಜಾಗಕ್ಕೇ ಮುಟ್ಟಿಸಿದ! ಯಾವ ಅಂಗ ಅಂತ ನಾವು ಹೇಳಲೂ ಇಲ್ಲ, ಅವನಿಗೆ ಗೊತ್ತಿತ್ತು!”

ನಲವತ್ತು ಮನೆಯವರು ಒಟ್ಟಿಗೇ ಎದ್ದು ನಿಂತರು. ಅಷ್ಟು ಜನರ ಬೆರಗು ಒಂದೇ ಅಂಗಳದಲ್ಲಿ ತುಂಬಿದ್ದನ್ನು ಕಜೆಟನ್ ಹಿಂದೆಂದೂ ಕಂಡಿರಲಿಲ್ಲ. ಒಂದು ಕ್ಷಣ ಅವನ ಮೈಯೂ ಜುಮ್ಮೆಂದಿತು.

“ಅದು ಆಂಟಿಬಯೋಟಿಕ್, ಬಾಯಿ!” ಎಂದು ಕೂಗಿದ.

“ಆಂಟಿಬಯೋಟಿಕ್ಕಿಗೆ ಒಳಗೆ ದಾರಿ ತೋರಿಸಿದ್ದು ಯಾರು?”

ಒಲಿಂಡಾ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು. “ಡಾಕ್ಟರು ಎರಡು ವಾರ ಅಂದಿದ್ದಾರೆ, ಹಾಗಾದರೆ ಎರಡು ವಾರ ಕಳೆದು ನಡೆಯುವ. ಆದರೆ ಈಗ ದೇವರ ಉಪಕಾರ ಎರಡಾಯ್ತು. ಹೋಗುವುದೂ ನಡೆದು, ಬರುವುದೂ ನಡೆದು. ಮತ್ತೆ ಇಷ್ಟಾದ ಮೇಲೆ ಇವರು ಜನ್ಮದಲ್ಲಿ ಕುಡಿಯುವುದಿಲ್ಲ.”

ಅಂಗಳ ಆಮೆನ್ ಅಂದಿತು. ಆಂಜೆಲಾಬಾಯಿ ಆಗಲೇ ಫೋನಿನಲ್ಲಿದ್ದರು. ಭಾನುವಾರ ಕೆಮ್ಮಣ್ಣು, ಬುಧವಾರ ಕಾಪು, ಅದರಾಚೆ ವಾರ ಕುಕ್ಕುಂದೂರು. ಎಲ್ಲ ಕಡೆ ಕಜೆಟನ್ ಸ್ವತಃ ಬಂದು ಸಾಕ್ಷಿ ಹೇಳಬೇಕಂತೆ, ಒಂದನ್ನೂ ಮುಚ್ಚಿಡದೆ, ಇಲ್ಲದಿದ್ದರೆ ಜನ ನಂಬುವುದಿಲ್ಲವಂತೆ.

ಕಜೆಟನ್ ಕುರ್ಚಿಗೆ ಕುಸಿದ. ಗೇಟಿನ ಹತ್ತಿರ ಜೋಯಲ್ ಫ್ಲೆಕ್ಸ್ ಅಂಗಡಿಗೆ ಅವನ ಫೋಟೋ ಕಳಿಸುತ್ತ ನಿಂತಿದ್ದ. ಮೊಬೈಲಿನಿಂದ ತಲೆಯೆತ್ತಿ ಭಕ್ತಿಯಿಂದ ಕೇಳಿದ:

“ಅಂಕಲ್, ಎಡದ್ದಾ ಬಲದ್ದಾ? ಹತ್ತಡಿಯ ಬ್ಯಾನರಿನಲ್ಲಿ ತಪ್ಪು ಬರಬಾರದಲ್ಲ.”

ಕಜೆಟನ್ ಬಾಯಿ ತೆರೆಯುವ ಮೊದಲೇ, ಚೀಟಿಯನ್ನು ಎದೆಗೊತ್ತಿಕೊಂಡಿದ್ದ ಒಲಿಂಡಾ ಹೆಮ್ಮೆಯಿಂದ ಹೇಳಿದಳು: “ಎಡದ್ದು. ದೊಡ್ಡ ಅಕ್ಷರದಲ್ಲಿ ಹಾಕಿಸು.”