ಅತ್ತೆಯ ಕಂಪ್ಯೂಟರಿಗೆ ಹೊಸ ಮಿದುಳು

ಭಾನುವಾರ ಮಧ್ಯಾಹ್ನ ನಾಲ್ಕರೊಳಗೆ ಅತ್ತೆಯವರ ಹಳೆಯ ಕಂಪ್ಯೂಟರಿನ ಪ್ರೊಸೆಸರನ್ನು ನಾನೇ, ನನ್ನ ಈ ಎರಡು ಕೈಗಳಿಂದಲೇ ಬದಲಾಯಿಸುತ್ತೇನೆ ಎಂದು ಊಟದ ಮೇಜಿನ ಮುಂದೆ ಘೋಷಿಸಿಬಿಟ್ಟೆ! ಕಂಪ್ಯೂಟರ್ ಚಿಪ್ಪುಗಳ ತವರಾದ ಸಿಂಚು ಊರಿನಲ್ಲಿ ಹುಟ್ಟಿ, ಮದರ್‌ಬೋರ್ಡ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಚಪ್ಪಲಿ ಸವೆಸಿದವನು, ಇಷ್ಟು ಚಿಲ್ಲರೆ ಕೆಲಸಕ್ಕೆ ಅಂಗಡಿಯವನ ಕಾಲು ಹಿಡಿಯುವುದೇ? ಛೆ!

"ಅಲ್ಲಿ ನೀವು ಕ್ಯಾಂಟೀನಿಗೆ ಎಲೆಕೋಸು ಕೊಳ್ಳೋರಲ್ವೇನ್ರೀ?" ಎಂದಳು ಹೆಂಡತಿ ಪೇ-ರೋಂಗ್.

"ಕೊಳ್ಳೋದು ಎಲೆಕೋಸೇ ಇರಬಹುದು ಕಣೇ. ಆದ್ರೆ ಎಲ್ಲಿ? ಮದರ್‌ಬೋರ್ಡ್ ಕಾರ್ಖಾನೇಲಿ!"

ವಿಷಯ ಗಂಭೀರವಾಗಿತ್ತು. ಅತ್ತೆ ಕಂಪ್ಯೂಟರಿನಲ್ಲಿ, ಇಂಟರ್ನೆಟ್ಟಿನ ಮೂಲಕ ಬೇರೆಯವರ ಜೊತೆ ಮಾಜಾಂಗ್ ಎಂಬ ಕಾಯಿಗಳ ಆಟ ಆಡುತ್ತಾರೆ. ಸರದಿ ಬಂದ ಹತ್ತು ಸೆಕೆಂಡಿನೊಳಗೆ ಕಾಯಿ ಎಸೆಯದಿದ್ದರೆ ಆಟವೇ ಯಾವುದೋ ಒಂದನ್ನು ಎಸೆದುಬಿಡುತ್ತದೆ. ಅತ್ತೆಯ ಕಂಪ್ಯೂಟರಿಗೆ ಉಸಿರೆಳೆದುಕೊಳ್ಳಲಿಕ್ಕೇ ಹನ್ನೊಂದು ಸೆಕೆಂಡು ಬೇಕು! ಹೋದ ವಾರ ಗೆಲ್ಲುವ ಕಾಯಿ ಹಾಗೇ ಕೈತಪ್ಪಿ, ತೈನಾನ್ ಊರಿನ ಲಿಯಾವ್ ಅಜ್ಜಿ ಗೆದ್ದರು. ಇಬ್ಬರದೂ ಮೂವತ್ತು ವರ್ಷದ ಹಗೆ. ಈ ಭಾನುವಾರ ನಾಲ್ಕಕ್ಕೆ ಕೊನೆಯ ಪಂದ್ಯ.

"ಅಳಿಯಂದ್ರೇ, ಈ ಸಲಾನೂ ಸೋತ್ರೆ ಅವಳ ಮುಂದೆ ನಾನು ತಲೆ ಎತ್ತೋ ಹಾಗಿಲ್ಲ," ಎಂದರು ಅತ್ತೆ. ನಾನು ಎದೆ ತಟ್ಟಿಕೊಂಡೆ.

ಭಾನುವಾರ ಅತ್ತೆ ಕೆಲಸಕ್ಕೆ ಹೋದರು, ಪೇ-ರೋಂಗ್ ಮಾರ್ಕೆಟ್ಟಿಗೆ ಹೋದಳು, ನಾನು ಸ್ಕ್ರೂಡ್ರೈವರ್ ಹಿಡಿದು ರಣರಂಗಕ್ಕಿಳಿದೆ. ಕಂಪ್ಯೂಟರಿನ ನೆತ್ತಿಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದು ಕೂತಿತ್ತು. ಯಂತ್ರ ಹಟಮಾಡದೆ ಜಾಣತನದಿಂದಿರಲಿ ಎಂದು ನಮ್ಮಲ್ಲಿ ಎಲ್ಲರೂ ಇಡುವುದೇ. ಬಣ್ಣ ಹಸಿರೇ ಆಗಿರಬೇಕು, ತಾರೀಖು ಮೀರಿರಬಾರದು, ಮುಖ್ಯವಾಗಿ ಅದನ್ನು ಯಾರೂ ತಿನ್ನಬಾರದು. ನಾನೋ ವಿಜ್ಞಾನ ನಂಬುವವನು, ಮೇಲಾಗಿ ಹಸಿದವನು. ತಿಂದೆ.

ಪ್ರೊಸೆಸರಿನ ಮೇಲೊಂದು ಫ್ಯಾನು. ಎಳೆದೆ, ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಬಂತು! ಜೊತೆಗೆ ತಳಕ್ಕೆ ಅಂಟಿಕೊಂಡಿದ್ದ ಹಳೇ ಪ್ರೊಸೆಸರೂ ಕಿತ್ತುಬಂದು ನೆಲಕ್ಕೆ ಬಿದ್ದು ಕುಣಿಯಿತು. ಅದರ ಹೊಟ್ಟೆಯಡಿ ಕೂದಲಿನಷ್ಟು ಸಣ್ಣ ನೂರಾರು ಕಡ್ಡಿಗಳು. ಏಳು ಕಡ್ಡಿಗಳು ಉದ್ದಂಡ ನಮಸ್ಕಾರ ಹಾಕಿದ್ದವು. ಹೋಗಲಿ, ಹಳೆಯದು ತಾನೆ! ಫ್ಯಾನಿನಲ್ಲಿ ಕಂಬಳಿಯಂತೆ ಕೂತಿದ್ದ ಹತ್ತು ವರ್ಷದ ಧೂಳು ಒರೆಸಿ, ಅಂಗಡಿಯಿಂದ ತಂದಿದ್ದ ಹೊಸ ಪ್ರೊಸೆಸರ್ ಕೂರಿಸಿ, ಅದರ ಮೇಲೆ ಶಾಖ ಎಳೆಯುವ ಹೊಸ ಪೇಸ್ಟು ಬಳಿದು, ಫ್ಯಾನು ಜೋಡಿಸಿ, ಗುಂಡಿ ಒತ್ತಿದೆ.

ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪು! ಆರು ಸಲ ಒತ್ತಿದರೂ ಕಪ್ಪೇ. ಅಂಗಡಿಯವನಿಗೆ ಫೋನು ಮಾಡಿದೆ.

"ಬೋರ್ಡಿಗೆ ಹೊಸದರ ಗುರುತು ಸಿಗ್ತಿಲ್ಲ ಅಣ್ಣ. ಹಳೇದನ್ನೇ ಹಾಕಿ, ಬೋರ್ಡಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಆಮೇಲೆ ಹೊಸದು ಹಾಕ್ಬೇಕು. ಹಳೇದು ನೆಟ್ಟಗಿದೆ ತಾನೆ?"

"ನೆಟ್ಟಗಾ? ಏಳು ಬಿಟ್ರೆ ಉಳಿದಿದ್ದೆಲ್ಲ ನೆಟ್ಟಗಿದೆ!"

ಅಷ್ಟರಲ್ಲಿ ಅಮ್ಮ ಮಗಳು ಒಟ್ಟಿಗೇ ಒಳಗೆ ಬಂದರು. ಗಂಟೆ ಮೂರೂಕಾಲು. ಹೆಂಡತಿ ಕಂಪ್ಯೂಟರನ್ನು ನೋಡಲೇ ಇಲ್ಲ, ನನ್ನ ಮೀಸೆಗೆ ಅಂಟಿದ್ದ ಜೋಳದ ಪುಡಿ ನೋಡಿದಳು.

"ರೀ, ಹಸಿರು ಪೊಟ್ಟಣ ಎಲ್ರೀ?"

"ಅದೂ... ಹಸಿವು..."

"ಅಮ್ಮಾ, ತಿಂದುಬಿಟ್ಟಿದ್ದಾರೆ ಕಣಮ್ಮಾ!"

ಅತ್ತೆ ಕುರ್ಚಿಯಲ್ಲಿ ಕುಸಿದರು. ಅವರ ಕಣ್ಣಲ್ಲಿ ನೀರು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು. ತಪ್ಪೊಪ್ಪಿಕೊಂಡು ಹಳೇ ಪ್ರೊಸೆಸರನ್ನು ಅವರ ಅಂಗೈಯಲ್ಲಿಟ್ಟೆ. ಅವರು ಕಣ್ಣೊರೆಸಿಕೊಂಡು ಅದನ್ನು ತಿರುಗಿಸಿ ನೋಡಿದರು. ಅತ್ತೆ ನಲವತ್ತು ವರ್ಷದಿಂದ ಮಾರ್ಕೆಟ್ಟಿನಲ್ಲಿ ಹೆಂಗಸರ ಮುಖದ ಕೂದಲನ್ನು ದಾರದಿಂದ ತೆಗೆಯುವವರು.

"ಇಷ್ಟೇನಾ? ಮದುವೆ ಹುಡುಗಿ ಹುಬ್ಬಿಗಿಂತ ಸುಲಭ. ಅಳಿಯಂದ್ರೇ, ದೀಪ ಹಿಡೀರಿ. ಉಸಿರು ಬಿಡಬೇಡಿ!"

ದಾರದ ತುದಿ ಹಲ್ಲಲ್ಲಿ ಕಚ್ಚಿ, ಕಡ್ಡಿಗೆ ಕುಣಿಕೆ ಹಾಕಿ, ಒಂದೊಂದನ್ನೇ ನಯವಾಗಿ ಎಬ್ಬಿಸಿ ನಿಲ್ಲಿಸಿದರು. ಏಳಕ್ಕೆ ಏಳೂ ಎದ್ದವು! ಹಳೆಯದನ್ನು ಕೂರಿಸಿ, ಅದಕ್ಕೂ ಹೊಸ ಪೇಸ್ಟು ಬಳಿದು ಗುಂಡಿ ಒತ್ತಿದಾಗ ಗಂಟೆ ನಾಲ್ಕಕ್ಕೆ ಐದು ನಿಮಿಷ. ಪರದೆ ಬೆಳಗಿತು.

"ಈಗ ಅಪ್‌ಡೇಟ್ ಮಾಡಿ ಹೊಸದು..." ಎಂದು ನಾನು ಸ್ಕ್ರೂಡ್ರೈವರ್ ಎತ್ತಿದೆ.

"ಮುಟ್ಟಿದ್ರೆ ನೋಡಿ!" ಇಬ್ಬರೂ ಒಟ್ಟಿಗೇ ಕೂಗಿದರು.

ಆಟ ಶುರುವಾಯಿತು. ಇದೇನಾಶ್ಚರ್ಯ! ಅತ್ತೆ ಬೆರಳು ಮುಟ್ಟಿಸಿದರೆ ಸಾಕು, ಕಾಯಿ ಹಾರುತ್ತಿದೆ! ಮತ್ತೆ ಅಂಗಡಿಯವನಿಗೆ ಫೋನು ಮಾಡಿದೆ.

"ಧೂಳು ತುಂಬಿ, ಪೇಸ್ಟು ಒಣಗಿ, ಪಾಪ ಅದು ಕಾದೂ ಕಾದೂ ಸುಸ್ತಾಗಿತ್ತು ಅಣ್ಣ. ಒರೆಸಿದ್ರಲ್ಲ, ಸರಿಹೋಯ್ತು. ಹೊಸದು ಬೇಕೇ ಇರ್ಲಿಲ್ಲ!"

ಐದೂಕಾಲಿಗೆ ಅತ್ತೆ ಗೆದ್ದರು. ಲಿಯಾವ್ ಅಜ್ಜಿಗೆ ಫೋನು ಮಾಡಿ, ಆರೋಗ್ಯ ವಿಚಾರಿಸುವ ನೆಪದಲ್ಲಿ ಅರ್ಧ ಗಂಟೆ ಹೊಟ್ಟೆ ಉರಿಸಿದರು. ನನ್ನ ಹೊಸ ಪ್ರೊಸೆಸರ್ ಬೀರು ಸೇರಿತು.

ಮರುದಿನ ಬೆಳಗ್ಗೆ ಸೋಯಾ ಹಾಲು ಕುಡಿಯುತ್ತಾ ಕೂತಿದ್ದೆ. ಅತ್ತೆ ಎರಡು ಹಸಿರು ಪೊಟ್ಟಣ ತಂದರು. ಒಂದನ್ನು ಕಂಪ್ಯೂಟರಿನ ಮೇಲಿಟ್ಟರು. ಇನ್ನೊಂದನ್ನು ನನ್ನ ನೆತ್ತಿಯ ಮೇಲಿಟ್ಟು, ಬೀಳದಂತೆ ಸರಿಪಡಿಸಿದರು.

"ತಾರೀಖು ನೋಡೇ ತಂದಿದ್ದೀನಿ, ಮುಂದಿನ ಜೂನ್‌ವರೆಗೂ ಯೋಚನೆಯಿಲ್ಲ," ಎಂದು ಮಗಳಿಗೆ ಹೇಳಿ ನನ್ನತ್ತ ತಿರುಗಿದರು. "ಅಳಿಯಂದ್ರೇ, ಇದನ್ನೂ ತಿಂದ್ರೆ ನಿಮ್ಮ ತಲೇನೇ ಬಿಚ್ಚಿ ಧೂಳು ಒರೆಸ್ತೀನಿ!"